ಎಂಟು ಚುಕ್ಕಿ, ಎಂಟು ಸಾಲು

ಧರ್ಮಪ್ಪನವರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಶಿವಭಜನೆ ಬರಬೇಕಾದಲ್ಲಿ 'ಕೀ...' ಎಂದು ಉದ್ದಕ್ಕೆ ಒಂದು ಕೂಗು ಬಂತು. ಅದರ ಹಿಂದೆಯೇ ಖರಖರ, ಗರಗರ ಎಂದು ಕಿವಿ ಕೊರೆಯುವ ಸದ್ದು ಶುರುವಾಯಿತು, ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಯಾರದೋ ಮಡಿಲಲ್ಲಿ ಮಲಗಿದ್ದ ಕೂಸು ಬೆಚ್ಚಿಬಿದ್ದು ಚೀರಿತು. ಅಳುತ್ತಿದ್ದ ಹೆಂಗಸರು ಅಳುವುದನ್ನು ಬಿಟ್ಟು ಆ ಕಡೆ ನೋಡಿದರು. ನೋಡದೆ ಇದ್ದವರು ಇಬ್ಬರೇ. ಒಬ್ಬರು ಟೈಪ್ ಮೇಷ್ಟ್ರು ಮುರುಗೇಶಪ್ಪ. ಅವರನ್ನು ಮೀಯಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಇನ್ನೊಬ್ಬಳು ಅವರ ಮಗ್ಗುಲಲ್ಲಿ ಕೂತಿದ್ದ ಹೆಂಡತಿ ಶಂಕ್ರಮ್ಮ.

ಧರ್ಮಪ್ಪನವರದು ತಪ್ಪೇನಿಲ್ಲ. ಬೆಳಗಿನ ಜಾವ ತಮ್ಮ ಎದೆ ಹಿಡಿದುಕೊಂಡು ಹೋಗಿಬಿಟ್ಟ ಅಂತ ಸುದ್ದಿ ಬಂದದ್ದೇ ಕತ್ತಲಗೆರೆಯಿಂದ ಸಿಕ್ಕ ಬಸ್ಸು ಹತ್ತಿ ಹೊನ್ನಾಳಿಗೆ ಬಂದಿದ್ದರು. ಶವ ಕೂತ ಮನೆಯಲ್ಲಿ ಶಿವನಾಮ ನಿಲ್ಲಬಾರದು. ಹೇಳಿಕಳಿಸಿದ್ದ ನಲ್ಲೂರಿನ ಭಜನೆಯವರು ಇನ್ನೂ ಮುಟ್ಟಿರಲಿಲ್ಲ. ತಮ್ಮನ ಮೇಜಿನ ಮೇಲೆ 'ಶಿವಭಜನೆ' ಎಂಬ ಚೀಟಿ ಅಂಟಿಸಿದ್ದ ಕ್ಯಾಸೆಟ್ಟು ಕಂಡಿತು, ಹಾಕಿದರು. ಒಳಗಿನ ಭಜನೆ ಅಳಿಸಿ ಪುಣ್ಯಾತ್ಮ ಅದರಲ್ಲಿ ಬೇರೇನೋ ತುಂಬಿದ್ದಾನೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು?

"ಕೆಟ್ಟೈತೆ ಇದು," ಎಂದು ನಿಲ್ಲಿಸುವ ಗುಂಡಿ ಹುಡುಕಾಡಿದರು.

"ಕೆಟ್ಟಿಲ್ಲ ಬಾವ," ಅಂದಳು ಶಂಕ್ರಮ್ಮ. "ಅದು ಇರೋದೇ ಹಂಗೆ. ರೀಲು ಹರೀದಂಗೆ ತೆಗೀರಿ."

ಬೆಳಗಿನಿಂದ ಅವಳ ಬಾಯಿಂದ ಹೊರಟ ಮೊದಲ ಮಾತು ಅದು. ಊರ ಬಾಯಿಗೆ ಮುಚ್ಚಳ ಉಂಟೇ? ಗಂಡ ಹೋದರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ಕ್ಯಾಸೆಟ್ಟಿನ ಚಿಂತೆ ನೋಡು ಎಂದು ಮೂಲೆಯಲ್ಲಿ ಗುಸುಗುಸು ಎದ್ದಿತು. ಅದು ಅವಳ ಕಿವಿಗೂ ಬಿತ್ತು. ಬೇಜಾರಾಗಲಿಲ್ಲ. ಅಳು ಬಂದರೆ ಅವಳೇನು ಬೇಡ ಅನ್ನುತ್ತಿದ್ದಳೇ? ಒಳಗೆಲ್ಲ ಜೋಮು ಹಿಡಿದಂತೆ ಆಗಿತ್ತು. ಮೈ ಚಿವುಟಿಕೊಂಡರೂ ಬೇರೆ ಯಾರನ್ನೋ ಚಿವುಟಿದ ಹಾಗೆ ಅನ್ನಿಸುತ್ತಿತ್ತು. ಪಕ್ಕದ ಮನೆಯ ಲಕ್ಷ್ಮಕ್ಕ ಆಗಿನಿಂದ ಒಂದು ಗುಟುಕು ಚಾ ಕುಡಿ ಎಂದು ಲೋಟ ಹಿಡಿದು ಬಂದಳು, ಹೋದಳು. ಶಂಕ್ರಮ್ಮ ತಲೆ ಅಲ್ಲಾಡಿಸಿದಳೇ ಹೊರತು ಲೋಟ ಮುಟ್ಟಲಿಲ್ಲ. ಅವಳ ಕಣ್ಣು ಬಾಗಿಲಾಚೆ ಚಪ್ಪರದಡಿ ನಿಂತಿದ್ದ ರಸೂಲನ ಮೇಲಿತ್ತು.

ರಸೂಲ್ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವವನು, ಮೇಷ್ಟ್ರ ಜೀವದ ಗೆಳೆಯ. ಅವನು ಈ ಮನೆಗೆ ಬಂದದ್ದು ಸಾವಿನ ಸುದ್ದಿ ಕೇಳಿ ಅಲ್ಲ. ಮೇಷ್ಟ್ರ ಕೆಟ್ಟುನಿಂತ ಕಂಪ್ಯೂಟರಿಗಾಗಿ ಬೊಂಬಾಯಿಗೆ ಬರೆದು, ಕಾದು ಕಾದು ಸಾಕಾಗಿದ್ದ ಒಂದು ಸಾಮಾನು ನಿನ್ನೆ ಸಂಜೆ ಪಾರ್ಸಲ್ಲಿನಲ್ಲಿ ಬಂದಿತ್ತು. ಮೇಷ್ಟ್ರಿಗೆ ತೋರಿಸಿ ಸಿಹಿ ಕೇಳಬೇಕೆಂದು ಬೆಳಿಗ್ಗೆ ಎದ್ದವನೇ ಅದನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಂದರೆ, ಬಾಗಿಲಲ್ಲಿ ಕೊಳ್ಳಿಯ ಹೊಗೆ. ಆ ಬೆಂಕಿಪೊಟ್ಟಣ ಈಗಲೂ ಅವನ ಅಂಗಿಯ ಜೇಬಿನಲ್ಲಿತ್ತು. ಅದು ಬಂದದ್ದನ್ನು ಅವನಿಂದಲೇ ಕೇಳಿದ್ದ ಶಂಕ್ರಮ್ಮ ಅವನನ್ನು ಹತ್ತಿರ ಕರೆದು, ಅದನ್ನು ಹಾಕಲು ಎಷ್ಟು ಹೊತ್ತು ಬೇಕೆಂದು ಕೇಳಿದಳು. ಹಳೆಯದನ್ನು ಕಿತ್ತು ಹೊಸದನ್ನು ಒತ್ತಿ ಕೂರಿಸುವುದು ಅಷ್ಟೆ, ಹೊತ್ತೇನು ಹಿಡಿಯುವುದಿಲ್ಲ ಅಂದ.

"ಹಂಗಾದ್ರೆ ಹಾಕು. ಇವ್ರನ್ನ ಎತ್ತೋದ್ರೊಳಗೆ ಅದು ಹತ್ತಬೇಕು."

ಧರ್ಮಪ್ಪನವರು ಬೆಚ್ಚಿದರು. ಆ ಯಂತ್ರಕ್ಕೆ ಪರದೆ ಅಂತ ಬೇರೆ ಇರಲಿಲ್ಲ, ಟಿ.ವಿ.ಗೇ ಸಿಕ್ಕಿಸಬೇಕು. ಶವದ ಮುಂದೆ ಟಿ.ವಿ. ಹಚ್ಚಿದರೆ ಜನ ಏನಂದಾರು? ನೋಡಮ್ಮ, ಎಲ್ಲಾ ಮುಗೀಲಿ, ಆಮೇಲೆ ಬೇಕಾದ್ದು ಮಾಡುವೆಯಂತೆ ಎಂದು ಮೆತ್ತಗೆ ಹೇಳಿ ನೋಡಿದರು. ಸೂತಕದ ಮಾತೂ ಬಂತು. ಲಿಂಗವಂತರಿಗೆ ಎಂಥಾ ಸೂತಕ ಬಾವ, ಅಂದಳು ಅವಳು. ಧರ್ಮಪ್ಪನವರು ಗೋಡೆಗೆ ಒರಗಿದ್ದ ತಮ್ಮನ ಕಡೆ ಕೈ ತೋರಿದರು.

"ಅವ್ನಿಗಿಂತ ಅದು ಹೆಚ್ಚಾತೇನಮ್ಮ ನಿನಗೆ?"

"ಅವ್ರು ಕರೆದಿದ್ರು ಬಾವ," ಅಂದಳು ಶಂಕ್ರಮ್ಮ. "ನೋಡಾಕೆ ಬಾ ಅಂತ. ನಾನು ಹೋಗ್ಲಿಲ್ಲ."

*

ಎಪ್ಪತ್ತೆರಡರಲ್ಲಿ ಮುರುಗೇಶಪ್ಪ ಹೊನ್ನಾಳಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡು ಹಾಕಿದಾಗ ಶಂಕ್ರಮ್ಮ ಹೊಸ ಮದುವಣಗಿತ್ತಿ. ಅಂದಿನಿಂದ ಅವಳ ಸಂಸಾರವೆಲ್ಲ ಟಕಟಕ ಸದ್ದಿನಲ್ಲೇ ನಡೆಯಿತು. ಮಗಳು ನಿರ್ಮಲಾ ತೊಟ್ಟಿಲಲ್ಲಿ ಆ ಸದ್ದು ನಿಂತರೆ ಎಚ್ಚರಾಗುತ್ತಿದ್ದಳು. ತಾಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ, ನ್ಯಾಮತಿ ಚನ್ನಗಿರಿಯ ಸೊಸೈಟಿಗಳಲ್ಲಿ ಯಾರೇ ಟೈಪು ಮಾಡಲಿ, ಒಂದಲ್ಲ ಒಂದು ದಿನ ಮೇಷ್ಟ್ರ ಕೈಯಲ್ಲಿ ಸ್ಕೇಲಿನ ಪೆಟ್ಟು ತಿಂದವರೇ. ಕೈ ನೋಡಬೇಡ, ಎದುರಿಗೆ ನೋಡು ಎಂದು ಅವರ ಬೆರಳಿನ ಮೇಲೆ ಟವೆಲ್ಲು ಮುಚ್ಚುತ್ತಿದ್ದರು. ಅದು ಬಿಟ್ಟರೆ ಅವರ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಕುಡಿಯಲಿಲ್ಲ, ಬೈಯಲಿಲ್ಲ, ಹೆಂಡತಿಯನ್ನು ಒಂದು ಸಿನಿಮಾಕ್ಕೂ ಕರೆದುಕೊಂಡು ಹೋಗಲಿಲ್ಲ.

ಅವಳ ಒಂದೇ ತಕರಾರು ಊಟದ್ದು. ಒಳಗಿನಿಂದ ಊಟಕ್ಕೆ ಬರ್ರಿ ಎಂದು ಕೂಗಿದರೆ ಪಡಸಾಲೆಯಿಂದ "ಬಡ್ಸು, ಬಂದೆ" ಎಂಬ ಉತ್ತರ ತಪ್ಪದೆ ಬರುತ್ತಿತ್ತು. ಮನುಷ್ಯ ಮಾತ್ರ ಬರುತ್ತಿರಲಿಲ್ಲ. ರಿಬ್ಬನ್ನು ಬದಲಿಸಬೇಕು, ಯಾರದೋ ಪರೀಕ್ಷೆ, ಯಾವುದೋ ಅಕ್ಷರ ಸಿಕ್ಕಿಕೊಂಡಿದೆ. ಶಂಕ್ರಮ್ಮ ಬಡಿಸಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ ಕಾಯುವಳು. ಗಂಡನಿಗಿಂತ ಮುಂಚೆ ಉಂಡು ಅಭ್ಯಾಸವಿಲ್ಲ. ಊಟ ಆಯ್ತಾ ಎಂದು ದಾರಿಯಲ್ಲಿ ಹೋಗುವ ಬೀದಿಯವರೆಲ್ಲ ಕೇಳುವರು, ಈ ಮಹಾರಾಯ ಒಂದು ದಿನವೂ ಕೇಳಿದವರಲ್ಲ.

ಎಂಬತ್ತೇಳರ ಬೇಸಿಗೆಯಲ್ಲಿ ದಾವಣಗೆರೆಯ ಕಾಲೇಜಿನ ಲೆಕ್ಚರರ್ ಒಬ್ಬರಿಗೆ ವರ್ಗವಾಯಿತು. ಅವರ ಹತ್ತಿರ ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಕಂಪ್ಯೂಟರು ಒಂದಿತ್ತು. ಮೇಷ್ಟ್ರು ಎರಡು ಟೈಪ್‌ರೈಟರು ಮಾರಿ ಅದನ್ನು ಹೊತ್ತು ತಂದರು. ನೋಡಿದರೆ ರಬ್ಬರು ಗುಂಡಿಗಳ ಒಂದು ಹಲಗೆ, ರೊಟ್ಟಿ ಡಬ್ಬಿಯ ಮುಚ್ಚಳದಷ್ಟು ದೊಡ್ಡದು. ದುಡಿಯುವ ಎತ್ತು ಕೊಟ್ಟು ಆಟಿಕೆ ಕುದುರೆ ತಂದ್ರಿ ಎಂದು ಶಂಕ್ರಮ್ಮ ರೇಗಿದಳು. ಅದನ್ನು ಟಿ.ವಿ.ಗೆ ಸಿಕ್ಕಿಸಿ, ಕ್ಯಾಸೆಟ್ಟಿನ ಕರ್ಕಶ ಕೇಳಿಸಿದರೆ ಅದು ಆ ಕರ್ಕಶವನ್ನೇ ಮಾತು ಅಂತ ತಿಳಿದುಕೊಂಡು ಕೆಲಸ ಮಾಡುವುದಂತೆ. ಕ್ಯಾಸೆಟ್ಟು ಸಿಗದೆ ಮೇಷ್ಟ್ರು ಅವಳ ಶಿವಭಜನೆಯನ್ನೇ ಅಳಿಸಿದಾಗ ಎರಡು ದಿನ ಮಾತು ಬಿಟ್ಟಿದ್ದಳು.

ಆ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಅದಕ್ಕೆ ಕನ್ನಡ ಕಲಿಸುತ್ತೇನೆಂದು ಮೇಷ್ಟ್ರು ಹಟ ಹಿಡಿದರು. ಹೇಗೆಂದರೆ, ಅವಳು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕುವಾಗ ಹಲ್ಲುಜ್ಜುತ್ತ ಬಂದು ನಿಲ್ಲುವರು.

"ಶಂಕ್ರೀ, ಇಲ್ಲೊಂದು ಕಡೆ ಎಂಟು ಚುಕ್ಕಿ ಎಂಟು ಸಾಲು ಇಡು."

ಅವಳು ಇಡುವಳು. ಅಂಥಾ ನೇರ ಚುಕ್ಕಿ ಅವರಿಗೆ ಜನ್ಮದಲ್ಲಿ ಬಾರದು. ಯಂತ್ರದೊಳಗೆ ಒಂದು ಅಕ್ಷರಕ್ಕೆ ಸಿಗುವ ಜಾಗ ಅಷ್ಟೇ ಚುಕ್ಕಿಯದಂತೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಚುಕ್ಕಿಯ ಮೇಲೆ ಹುಣಸೆಬೀಜ ಇಡುತ್ತ, ತೆಗೆಯುತ್ತ, ಯಾವುದೋ ಅಕ್ಷರ ಕೂರಿಸುವರು. ಯಾವ ಬೀಜ ಎಲ್ಲಿದೆ ಎಂದು ನೋಡಿಕೊಂಡು ಒಳಗೆ ಹೋಗಿ ಯಂತ್ರಕ್ಕೆ ಹೇಳುವರು. ಹಾಲಿನವನು, ಪೇಪರಿನವನು ನಿಂತು ನೋಡಿ ಹೋಗುವರು. ಅವಳಿಗೆ ನಾಚಿಕೆ, ಜೊತೆಗೆ ಒಂಥರಾ ಹಿಗ್ಗೂ ಇತ್ತು, ಅದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೆ. ದಿನಕ್ಕೊಂದು ಅಕ್ಷರ. ಯಾಕೆ, ಏನು ಅಂತ ಅವಳು ಕೇಳಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಪಡಸಾಲೆಯಿಂದ ಕೂಗು ಬಂತು. ಶಂಕ್ರೀ, ಬೇಗ ಬಾ, ಇದು ನಿನ್ನನ್ನ ಏನೋ ಕೇಳ್ತೈತೆ ನೋಡು. ಹೆಂಚಿನ ಮೇಲೆ ರೊಟ್ಟಿ ಇತ್ತು. ನಾಳೆ ನೋಡಿದರಾಯಿತು, ಅದೇನು ಓಡಿಹೋಗುತ್ತದೆಯೇ ಎಂದು ಅವಳು ಒಲೆ ಮುಂದಿನಿಂದಲೇ ಹೇಳಿದಳು. ಮೇಷ್ಟ್ರೂ ಸರಿ ಅಂದರು.

ಮಾರನೆಯ ದಿನ ಅದು ಹತ್ತಲಿಲ್ಲ.

*

ನಡುಮನೆಯಲ್ಲಿ ನಲ್ಲೂರಿನವರ ಭಜನೆ ಶುರುವಾಗಿತ್ತು. ಒಳಕೋಣೆಯ ಕಿಟಕಿಯ ಬೆಳಕಿನಲ್ಲಿ ರಸೂಲ್ ಚಾಪೆಯ ಮೇಲೆ ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚುತ್ತಿದ್ದ. ಜಗಳೂರಿಗೆ ಕೊಟ್ಟ ಮಗಳು ನಿರ್ಮಲಾ ಬರುವವರೆಗೆ ಎತ್ತುವಂತಿರಲಿಲ್ಲ. ಆ ಬಿಡುವಿನಲ್ಲಿ ಶಂಕ್ರಮ್ಮ ಎದ್ದು ಒಳಗೆ ಬಂದು ಅವನ ಎದುರು ಕೂತಿದ್ದಳು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಅವನು ಮುಚ್ಚಳ ತೆಗೆಯುವ ಮುಂಚೆ ಒಮ್ಮೆ ತಡೆದ. ಅಕ್ಕಾ, ನೀವು ಆ ಕಡೆ ಕೂತಿರ್ರಿ, ನಾನು ಹಾಕಿ ಕರೀತೀನಿ ಅಂದ. ಅವಳು ಕದಲಲಿಲ್ಲ. ಅವನು ಮುಚ್ಚಳ ತೆಗೆದ.

ಒಳಗೆ ಹಸಿರು ಹಲಗೆಯ ಮೇಲೆ ಬೆಳ್ಳಿ ಕಾಲಿನ ಕರೀ ಕರೀ ಐಸಿ ಚಿಪ್ಪುಗಳು. ಅವುಗಳ ನಡುವೆ, ಸಂದಿ ಸಂದಿಯಲ್ಲಿ, ಬೆಳ್ಳಗೆ ಒಣಗಿದ ಹೆಪ್ಪು. ಅಲ್ಲೊಂದು ಇಲ್ಲೊಂದು ಕೆಂಪು ಕಲೆ. ಶಂಕ್ರಮ್ಮ ಬಗ್ಗಿ ನೋಡಿದಳು. ಅಷ್ಟು ವರ್ಷ ದಿನಾ ಬೆಳಿಗ್ಗೆ ಕೈಯಾರೆ ತೇದು ಹಚ್ಚಿಕೊಂಡದ್ದು, ಗುರುತು ಸಿಗದೆ ಹೋದೀತೇ?

"ಇದೇನಾ ವೋಲ್ಟೇಜು?" ಎಂದು ಕೇಳಿದಳು.

ರಸೂಲ್ ಬಿಚ್ಚಿದ ಸ್ಕ್ರೂಗಳನ್ನು ಎಣಿಸತೊಡಗಿದ.

*

ಆಯುಧಪೂಜೆಯ ಬೆಳಿಗ್ಗೆ ಶಂಕ್ರಮ್ಮ ಟೈಪ್‌ರೈಟರುಗಳನ್ನೆಲ್ಲ ಒರೆಸಿ, ವಿಭೂತಿ ಎಳೆದು, ಹೂ ಏರಿಸಿದ್ದಳು. ಅವು ಕಬ್ಬಿಣದ ಜೀವಗಳು, ಎಷ್ಟು ಹಚ್ಚಿದರೂ ತಡೆಯುತ್ತಿದ್ದವು. ಕೊನೆಗೆ ಉಳಿದದ್ದು ಆ ರಬ್ಬರು ಗುಂಡಿಯ ಹಲಗೆ. ಅದನ್ನು ಬೈದದ್ದೇ ಜಾಸ್ತಿ ಆಯಿತು ಅನ್ನಿಸಿತೋ ಏನೋ, ವಿಭೂತಿ ಗಟ್ಟಿಯನ್ನು ಚೆನ್ನಾಗಿ ನೀರಲ್ಲಿ ತೊಯಿಸಿ, ಮೂರು ಬೆರಳು ಕೂಡಿಸಿ, ಈ ತುದಿಯಿಂದ ಆ ತುದಿಗೆ ದಪ್ಪಗೆ ಎಳೆದಳು. ಕುಂಕುಮ ಇಟ್ಟಳು. ಅದರ ಮುಂದೆಯೇ ಕಾಯಿ ಒಡೆದಳು. ಕಾಯಿನೀರು ಚಿಮ್ಮಿತು, ಶುಭ ಅಂದುಕೊಂಡಳು. ಮೇಷ್ಟ್ರು ಮಠದಿಂದ ಬಂದು ನೋಡಿ, ಗುಂಡಿಗಳ ಸಂದಿಗೆ ಇಳಿದ ನೀರನ್ನು ಬೆರಳಲ್ಲಿ ಮುಟ್ಟಿದರು. ಆಮೇಲೆ "ಭೇಷಾತು" ಅಂದರು.

ಸಂಜೆ ಅದು ಹತ್ತದೆ ಹೋದಾಗ ರಸೂಲನನ್ನು ಕರೆಸಿ ಬಾಗಿಲು ಹಾಕಿಕೊಂಡು ಏನೇನೋ ಮಾಡಿದರು. ಹೊರಗೆ ಬಂದು, ವೋಲ್ಟೇಜು ಜಾಸ್ತಿ ಬಂದು ಸುಟ್ಟಿದೆ ಅಂದರು. ಅಲ್ಲಿಂದ ಇಲ್ಲಿಯವರೆಗೆ, ನಾಲ್ಕು ವರ್ಷ, ಬಂದವರ ಮುಂದೆಲ್ಲ, ಈ ಕರೆಂಟನ್ನು ನಂಬಿದರೆ ಕೆಟ್ಟೆವು ಎಂದು ಬೈದದ್ದೇ ಬೈದದ್ದು. ಜನ್ಮದಲ್ಲಿ ಯಾರನ್ನೂ ಬೈಯದ ಮನುಷ್ಯ ಕರೆಂಟನ್ನು ಅಷ್ಟು ಬೈಯುವುದು ನೋಡಿ ಅವಳಿಗೆ ನಗು ಬರುತ್ತಿತ್ತು. ಅವಳೂ ಜೊತೆಗೆ ಎರಡು ಬೈದಿದ್ದಳು. ಆ ದಿನ ಏನು ಕೇಳುತ್ತಿತ್ತು ಹೇಳ್ರಿ ಎಂದರೆ, ಹೇಳಿದರೆ ಸ್ವಾರಸ್ಯ ಇಲ್ಲ, ಹತ್ತಲಿ, ಅದೇ ಕೇಳ್ತೈತೆ ಅನ್ನುವರು. ದಾವಣಗೆರೆಯ ಅಂಗಡಿಯವರು ಎಸೆಯಿರಿ ಅಂದರೂ ಎಸೆಯದೆ ಟವೆಲ್ಲು ಹೊದಿಸಿ ಇಟ್ಟರು.

*

"ಮೇಷ್ಟ್ರು ಹೇಳಬ್ಯಾಡ ಅಂದಿದ್ರು ಅಕ್ಕ," ಅಂದ ರಸೂಲ್. "ಆಕೆ ಮನಸ್ಸಿಗೆ ಹಚ್ಕೊಂತಾಳೆ ಅಂದ್ರು."

"ಮತ್ತೆ ಯಾಕೆ ಒರಸ್ಲಿಲ್ಲ?"

"ನಾನು ಬಟ್ಟೆ ತಗಂಡಿದ್ದೆ. ಅವ್ರೇ ಕೈ ಹಿಡಿದ್ರು. ಅದು ವಿಭೂತಿ ಕಣೋ, ಧೂಳಲ್ಲ, ಐಸಿ ಬಂದ ದಿವ್ಸ ನಾನೇ ತೆಗೀತೀನಿ ಅಂದ್ರು."

ಶಂಕ್ರಮ್ಮನಿಗೆ ಅಳು ಬರುತ್ತದೆ ಅನ್ನಿಸಿತು. ಬರಲಿಲ್ಲ. ಅವಳು ರಸೂಲನ ಕೈಯಿಂದ ಸಣ್ಣ ಕುಂಚ ತೆಗೆದುಕೊಂಡು, ಒಂದೊಂದೇ ಸಂದಿಯಿಂದ ಆ ಬಿಳಿಯ ಹೆಪ್ಪನ್ನು ಬಿಡಿಸಿ, ಚೂರೂ ನೆಲಕ್ಕೆ ಬೀಳದ ಹಾಗೆ ಅಂಗೈಗೆ ತೆಗೆದುಕೊಂಡಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ರಸೂಲ್ ಹೊಸ ಚಿಪ್ಪನ್ನು ಒತ್ತಿ ಕೂರಿಸಿ, ಮುಚ್ಚಳ ಹಾಕಿ, ಟಿ.ವಿ.ಯ ತಂತಿ ಸಿಕ್ಕಿಸಿದ. ಇನ್ನು ಕರೆಂಟು ಬರಬೇಕು. ಇಬ್ಬರೂ ಗೋಡೆಯ ಬಲ್ಬಿನ ಕಡೆ ನೋಡುತ್ತ ಕೂತರು.

ಕರೆಂಟು ಬರಲಿಲ್ಲ. ನಿರ್ಮಲಾ ಬಂದಳು, ಬೀದಿಯ ತುದಿಯಿಂದಲೇ ಅಪ್ಪಾ ಅಪ್ಪಾ ಎಂದು ಕೂಗುತ್ತ. ಅವ್ವನನ್ನು ತಬ್ಬಿಕೊಂಡು ಅಳುತ್ತಿದ್ದಾಗಲೂ ಶಂಕ್ರಮ್ಮ ಮಗಳ ಬೆನ್ನು ಸವರುತ್ತ ಬಲ್ಬನ್ನೇ ನೋಡುತ್ತಿದ್ದಳು. ಮಠದ ಅಯ್ಯನವರು ಬಂದು ವಿಧಿ ಮುಗಿಸಿ ಮೇಷ್ಟ್ರ ತಲೆಯ ಮೇಲೆ ಪಾದ ಇಟ್ಟರು. ಹೊತ್ತು ಇಳಿಯುತ್ತ ಬಂದಿತ್ತು. ಮುಳುಗುವುದರೊಳಗೆ ಮಣ್ಣು ಮಾಡಬೇಕು. ಎತ್ತಲು ಕೈ ಹಾಕಿದವರೆಲ್ಲ ಶಿಷ್ಯರೇ, ಗುಮಾಸ್ತರು, ಕೋರ್ಟಿನವರು. ಸ್ಕೇಲಿನ ಪೆಟ್ಟು ತಿಂದ ಬೆರಳುಗಳು.

"ಕರೆಂಟು ಬರೋತನ ತಡೀರಿ," ಅಂದಳು ಶಂಕ್ರಮ್ಮ.

ಎಲ್ಲರೂ ನಿಂತರು. ಧರ್ಮಪ್ಪನವರು ಅವಳ ಹತ್ತಿರ ಬಂದರು. ಬೆಳಗಿನ ಸಿಟ್ಟು ಅವರಲ್ಲಿ ಉಳಿದಿರಲಿಲ್ಲ.

"ಕರೆಂಟು ನಮ್ಮ ಕೈಯಾಗಿಲ್ಲಮ್ಮ. ಸೂರ್ಯನೂ ಇಲ್ಲ. ಬಾ, ಹೋಗಾನ."

ಅವಳು ಹೋದಳು. ರುದ್ರಭೂಮಿಯಲ್ಲಿ ಮೇಷ್ಟ್ರನ್ನು ಕುಣಿಯ ಒಳಗಿನ ಗೂಡಿನಲ್ಲಿ ಕೂರಿಸಿದರು. ಸುತ್ತ ಪತ್ರೆ, ವಿಭೂತಿ ಗಟ್ಟಿ ತುಂಬಿದರು. ಎಲ್ಲರೂ ಹಾಕಿದ ಮೇಲೆ ಶಂಕ್ರಮ್ಮ ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಪುಡಿಯನ್ನು ಅಂಗೈಯಲ್ಲಿ ತೊಯಿಸಿಕೊಂಡು, ಬಗ್ಗಿ ಗಂಡನ ಹಣೆಗೆ ಮೂರು ಬೆರಳಲ್ಲಿ ಎಳೆದಳು. ಅದು ಎಲ್ಲಿಂದ ಬಂದ ವಿಭೂತಿ ಎಂದು ರಸೂಲನಿಗೆ ಮಾತ್ರ ಗೊತ್ತಿತ್ತು. ಅವನು ದೂರದಲ್ಲಿ ನಿಂತಿದ್ದ.

*

ಮನೆಗೆ ಬಂದು ಕಾಲು ತೊಳೆದು, ಮೇಷ್ಟ್ರು ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಊರವರು ಒಬ್ಬೊಬ್ಬರಾಗಿ ಕರಗಿದರು. ಒಲೆ ಹೊತ್ತಿಸದ ಮನೆಗೆ ಲಕ್ಷ್ಮಕ್ಕ ಅನ್ನ ಸಾರು ತಂದಿದ್ದಳು. ಉಳಿದವರು ಎರಡೆರಡು ತುತ್ತು ಉಂಡರು. ಒಳಕೋಣೆಯಲ್ಲಿ ಯಂತ್ರದ ಎದುರೇ ಕೂತಿದ್ದ ಶಂಕ್ರಮ್ಮನ ಮುಂದೆ ಒಂದು ತಟ್ಟೆ ಬಡಿಸಿಟ್ಟರು. ಒಂದು ತುತ್ತು ಬಾಯಿಗೆ ಹಾಕವ್ವ ಎಂದು ನಿರ್ಮಲಾ ಗೋಗರೆಯುತ್ತಿದ್ದಾಗ ಬಲ್ಬು ಹತ್ತಿತು.

ಧರ್ಮಪ್ಪನವರೇ ಎದ್ದು ಹೋಗಿ ಕ್ಯಾಸೆಟ್ಟು ತಂದು ರಸೂಲನ ಕೈಗಿಟ್ಟರು.

"ಹಾಕಪ್ಪ. ಈ ಸಲ ನಾನು ನಿಲ್ಸಲ್ಲ."

ರಸೂಲ್ ಗುಂಡಿ ಒತ್ತಿದ. ಟಿ.ವಿ.ಯ ಮಬ್ಬು ಬೆಳಕಾಯಿತು, ಬೆಳ್ಳಗಾಗಿ ನಿಂತಿತು. ಹತ್ತಿತು ಅಕ್ಕ, ಅಂದ ಅವನು, ಕೇಳಿಸಿತೋ ಇಲ್ಲವೋ ಎಂಬಂಥ ದನಿಯಲ್ಲಿ. ಟೇಪ್ ರೆಕಾರ್ಡರು ತಿರುಗಿತು. ಬೆಳಗಿನ ಅದೇ ಕೂಗು, ಅದೇ ಖರಖರ ಗರಗರ ಮನೆಯೆಲ್ಲ ತುಂಬಿತು. ಪರದೆಯ ಅಂಚಿನಲ್ಲಿ ಗೆರೆಗಳು ಓಡಾಡಿದವು. ಧರ್ಮಪ್ಪನವರು ಕೈಕಟ್ಟಿ ಕೂತು, ಭಜನೆ ಕೇಳುವವರ ಹಾಗೆ ಕೊನೆಯವರೆಗೂ ಕೇಳಿದರು.

ಸದ್ದು ನಿಂತಿತು. ಪರದೆ ಖಾಲಿಯಾಯಿತು. ಆಮೇಲೆ ಒಂದೊಂದಾಗಿ, ಸೊಟ್ಟಸೊಟ್ಟಗೆ, ಮೂಲೆ ಮೂಲೆಯಾಗಿ ಅಕ್ಷರಗಳು ಮೂಡಿದವು. ಪ್ರತಿಯೊಂದರ ಹಿಂದಿನ ಚುಕ್ಕಿಯನ್ನೂ ಶಂಕ್ರಮ್ಮ ಬಲ್ಲಳು. ಹುಣಸೆಬೀಜ ಎಲ್ಲಿತ್ತು ಎಂಬುದನ್ನೂ ಬಲ್ಲಳು.

ಶಂಕ್ರಿ, ಊಟ ಆತಾ?

ಕೆಳಗೆ ಸಣ್ಣದಾಗಿ: ಆತು 1. ಇಲ್ಲ 2.

ನಿರ್ಮಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಯಂತ್ರ ಕಾಯುತ್ತಿತ್ತು. ಶಂಕ್ರಮ್ಮ ಮುಂದೆ ಸರಿದು ಕೂತು, ಎರಡರ ಗುಂಡಿಯ ಮೇಲೆ ಬೆರಳು ತಂದಳು, ಅಲ್ಲೇ ತಡೆದಳು. ಉಗುರಿನ ಸಂದಿಯಲ್ಲಿ ವಿಭೂತಿ ಉಳಿದಿತ್ತು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಒತ್ತಿದಳು.

ಪರದೆ ಅಳಿಸಿಹೋಯಿತು. ಮತ್ತೆ ಅಕ್ಷರ ಬಂದವು.

ಬಡ್ಸು, ಬಂದೆ.

ಅದರ ಮುಂದೆ ಒಂದು ಸಣ್ಣ ಚೌಕ ಹತ್ತುತ್ತ ಆರುತ್ತ ನಿಂತಿತು. ಶಂಕ್ರಮ್ಮ ಎದ್ದು ಅಡುಗೆಮನೆಗೆ ಹೋದಳು. ಒಂದು ತಟ್ಟೆ ಹಿಡಿದುಕೊಂಡು ಬಂದು, ತನ್ನ ಅನ್ನದ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಕೂತಳು.